ಸುಮಾಳಿಗೆ, ಡೊಂಬಿವಲಿಯಿಂದ

ಡೊಂಬಿವಲಿ, ಭಾನುವಾರ

ಪ್ರೀತಿಯ ಸುಮಾ,

ನಿನ್ನ ಪತ್ರ ಬಂತು. ಪುಣೆಯ ಹೊಸ ಮನೆ, ಮಗನ ಪರೀಕ್ಷೆ, ಎಲ್ಲ ಓದಿದೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ದೊಡ್ಡಮ್ಮ, ನನಗೂ ಅಜ್ಜಿಯ ಹಾಗೇ ಆಗುತ್ತಾ?" ಅಂತ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಮಾತ್ರೆಯ ಮೇಲಿನ ತಾರೀಖು ಓದಲು ಮಗನನ್ನು ಕರೆಯುತ್ತೀಯ. ಮೊಬೈಲ್ ದೂರ ಹಿಡಿದರೆ ಕಾಣುತ್ತದೆ, ಸಂಜೆ ಕಷ್ಟ ಜಾಸ್ತಿ. ನಿನಗೀಗ 43 ಅಲ್ವಾ? ಇದು ಅಜ್ಜಿಗಿದ್ದ ಗ್ಲಾಕೋಮಾದ ಹಾಗೆ, ಅಂದರೆ ಕಣ್ಣಿನ ನರ ಹಾಳಾಗುವ ಆ ಕಾಯಿಲೆಯ ಹಾಗೆ, ಕಾಣುವುದಿಲ್ಲ ಮಗಳೇ, ಇದು ಚಾಳೀಸು. ಇಲ್ಲಿ ಮರಾಠಿಯವರು ಚಾಳಿಶಿ ಅನ್ನುತ್ತಾರೆ. 40 ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರದ್ದನ್ನು ನೋಡಲು ಬೇಕಾದಷ್ಟು ಉಬ್ಬುವುದಿಲ್ಲ. ಎಲ್ಲರಿಗೂ ಬರುವುದೇ.

ನನಗದು ಗೊತ್ತಾಗಿದ್ದು ಸೂಜಿಯಿಂದ. 1994ರಲ್ಲಿ ಸೀರೆಗೆ ಫಾಲ್ ಹಚ್ಚಿಕೊಡುತ್ತಿದ್ದೆ. ನೂಲು ಸೂಜಿಯ ಕಣ್ಣಿಗೆ ಹೋಗುತ್ತಲೇ ಇರಲಿಲ್ಲ. ಅಂಗಡಿಯವನು ಕೆಟ್ಟ ಸೂಜಿ ಕೊಟ್ಟ ಅಂತ ಮೂರು ಸಲ ಬದಲಾಯಿಸಿದೆ! ಸ್ಟೇಷನ್ನಿನ ಸೇತುವೆ ಮೇಲಿಂದ ಇಂಡಿಕೇಟರ್ ಓದುತ್ತಿದ್ದೆ, ಕೈಯಲ್ಲಿದ್ದ ಟಿಕೆಟ್ ಓದಲಾಗುತ್ತಿರಲಿಲ್ಲ. ಕನ್ನಡಕ ಹಾಕಿದರೆ ಮುದುಕಿ ಅಂತಾರೆ ಅನ್ನೋ ನಾಚಿಕೆ ಬೇರೆ. ಎರಡು ವರ್ಷ ಹಾಗೇ ತಳ್ಳಿದೆ.

ಆ ಎರಡು ವರ್ಷವೂ ಅಮ್ಮನ, ಅಂದರೆ ನಿನ್ನ ಅಜ್ಜಿಯ, ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಸಣ್ಣ ಅಕ್ಷರ. ಜಾಗ ಸಾಲದೆ ಅಂಚಿನಲ್ಲೂ ಅಡ್ಡ ಬರೆಯುತ್ತಿದ್ದಳು. ಮೊದಲ ನಾಲ್ಕು ಸಾಲು ಹೇಗೋ ಓದಿ, ಉಳಿದದ್ದು ಹಗಲಲ್ಲಿ ನೋಡೋಣ ಅಂತ ಟ್ರಂಕಿಗೆ ಹಾಕುತ್ತಿದ್ದೆ. ಕನ್ನಡಕ ಬಂದ ಮೇಲೆ ಒಂದು ಮಧ್ಯಾಹ್ನ ಎಲ್ಲ ಬಿಡಿಸಿಕೊಂಡು ಕೂತೆ. ಒಂದರ ಅಂಚಿನಲ್ಲಿತ್ತು: "ಪಕ್ಕದಲ್ಲಿಟ್ಟ ಚೆಂಬು ಕಾಣುವುದಿಲ್ಲ, ಕೈ ತಾಗಿ ಬೀಳುತ್ತದೆ. ದಾರಂದ ಭುಜಕ್ಕೆ ಬಡಿಯುತ್ತದೆ." ಹದಿನಾಲ್ಕು ತಿಂಗಳ ಹಿಂದಿನ ಪತ್ರ. ಅಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಿತ್ತು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಬೇಗ ಬಂದಿದ್ದರೆ ಹನಿ ಹಾಕಿ ಉಳಿದದ್ದನ್ನು ಕಾಪಾಡಬಹುದಿತ್ತು ಅಂದರು ಡಾಕ್ಟರು. ಆ ಅಂಚಿನ ವಿಷಯ ನಿನ್ನ ಅಮ್ಮನಿಗೂ ನಾನು ಹೇಳಿಲ್ಲ.

ಮತ್ತೆ ಅದೇ ಮಾತಿಗೆ ಬಂದೆ ನೋಡು. ಅಜ್ಜಿಗೆ ಎದುರಿನದ್ದು ಕಾಣುತ್ತಿತ್ತು, ಪಕ್ಕದ್ದು ಹೋಗಿತ್ತು. ನಿನಗೆ ದೂರ ಸರಿಸಿದರೆ ಅಕ್ಷರ ಸ್ಪಷ್ಟ. ಎರಡೂ ಬೇರೆ. ಆದರೂ ಸುಮ್ನೆ ಧೈರ್ಯ ಹೇಳಲಾರೆ. ಅಜ್ಜಿಯದ್ದು ನೋವಿಲ್ಲದೆ ಬರುವಂಥದ್ದು, ಮನೆತನದಲ್ಲಿ ನಡೆದು ಬರುವಂಥದ್ದು. ಚಾಳೀಸು ಬಂದವರಿಗೆ ಅದು ಬರಬಾರದು ಅಂತೇನಿಲ್ಲ.

ಅದಕ್ಕೇ ಫುಟ್‌ಪಾತಿನ ರೆಡಿಮೇಡ್ ಕನ್ನಡಕ ಕೊಂಡು ಸುಮ್ಮನಾಗಬೇಡ. ನಾನು ಮೊದಲು ಅದನ್ನೇ ಮಾಡಿದ್ದು, ಹೇಳಲು ಬಾಯಿಲ್ಲ. ಅದರಲ್ಲಿ ಅಕ್ಷರ ಕಂಡೀತು, ಕಣ್ಣಿನ ಹಿಂದಿನ ನರ ಯಾರು ನೋಡುತ್ತಾರೆ? ಡಾಕ್ಟರಿಗೆ ಅಜ್ಜಿಯ ವಿಷಯ ನೀನೇ ಮೊದಲು ಹೇಳು. ಕಣ್ಣಿನ ಒತ್ತಡ ಅಳೆಯುತ್ತಾರೆ, ಹನಿ ಹಾಕಿ ನರ ನೋಡುತ್ತಾರೆ. ಆ ದಿನ ಸ್ಕೂಟರ್ ಬೇಡ, ಕೆಲವು ಗಂಟೆ ಎಲ್ಲ ಮಂಜುಮಂಜು. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ ಅಂತ ಯಾರಾದರೂ ಅಂದರೆ ಕೇಳಬೇಡ. ನನ್ನದು +1.25ರಲ್ಲಿ ಶುರುವಾಗಿ +2.5ಕ್ಕೆ ಬಂದು ನಿಂತಿದೆ. ಅದು ವಯಸ್ಸಿನದ್ದು, ಕನ್ನಡಕದ್ದಲ್ಲ.

ನಿನ್ನ ಅಮ್ಮನನ್ನೂ ಕರೆದುಕೊಂಡು ಹೋಗು. ಮೊಮ್ಮಗಳಾದ ನಿನಗಿಂತ ಅಜ್ಜಿಯ ಹೆಣ್ಣುಮಕ್ಕಳಾದ ನಮಗಿಬ್ಬರಿಗೆ ಭಯ ಜಾಸ್ತಿ. ನಾನು ವರ್ಷಕ್ಕೊಮ್ಮೆ ತೋರಿಸುತ್ತೇನೆ, ಇಲ್ಲಿವರೆಗೆ ಏನೂ ಇಲ್ಲ. ಅವಳು ತಾನಾಗಿ ಹೋಗುವವಳಲ್ಲ. ನಿನ್ನ ಜೊತೆಗೆ ಅಂತ ಸುಳ್ಳು ಹೇಳಿಯಾದರೂ ಹೊರಡಿಸು.

ತೋರಿಸಿದ ದಿನವೇ ಫೋನ್ ಮಾಡು. ಪತ್ರ ಬರೆದರೂ ಸರಿ. ಆದರೆ ಅಂಚಿನಲ್ಲಿ ಬರೆಯಬೇಡ, ಇನ್ನೊಂದು ಹಾಳೆ ತಗೋ.

ನಿನ್ನ
ದೊಡ್ಡಮ್ಮ