ಐದನೆಯ ದಿನದ ಖಾಲಿ ಹಾಳೆ

ಗದಗ,
ಭಾನುವಾರ

ಪ್ರೀತಿಯ ಮಗಳೇ,

ಭೌತಶಾಸ್ತ್ರದಲ್ಲಿ 70ಕ್ಕೆ 31 ಬಂದದ್ದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಫೋನ್ ಇಡುವಾಗ "ನನ್ನ ಹಣೆಯಲ್ಲಿ ಇಷ್ಟೇ ಬರೆದಿದೆ ಅವ್ವಾ, ಸಿಇಟಿಗೆ ಅರ್ಜಿ ಹಾಕುವುದಿಲ್ಲ" ಎಂದೆಯಲ್ಲ, ಅದು ರಾತ್ರಿಯೆಲ್ಲ ನಿದ್ದೆಗೆಡಿಸಿತು. ಆ ಮಾತನ್ನು ನೀನು ಧಾರವಾಡದಲ್ಲಿ ಕಲಿತದ್ದಲ್ಲ, ನಮ್ಮ ಮನೆಯಿಂದಲೇ ಕಟ್ಟಿಕೊಂಡು ಹೋದದ್ದು.

ನೀನು ಹುಟ್ಟಿದ ಐದನೆಯ ದಿನ ಆಯಿ ನಿನ್ನ ಮಗ್ಗುಲಲ್ಲಿ ದೀಪ ಹಚ್ಚಿ, ಬಿಳಿ ಹಾಳೆ, ಪೆನ್ನು ಇಟ್ಟಿದ್ದರು. ರಾತ್ರಿ ಸಟವಿ ದೇವಿ ಬಂದು ಹಣೆಬರಹ ಬರೆಯುತ್ತಾಳೆಂದು. ಬೆಳಿಗ್ಗೆ ಎದ್ದವಳೇ ನೋಡಿದೆ, ಹಾಳೆ ಖಾಲಿ. "ನಮ್ಮ ಕಣ್ಣಿಗೆ ಕಾಣುವುದಿಲ್ಲ" ಎಂದರು ಆಯಿ. ನಾನು ಅದರಲ್ಲಿ ತಿಂಗಳಿಡೀ ಹಾಲಿನ ಲೆಕ್ಕ ಬರೆದೆ.

ನಿನಗೆ ಇದುವರೆಗೆ ಹೇಳದ ಒಂದು ಸಂಗತಿಯಿದೆ. 1997ರಲ್ಲಿ ನಾನೂ ನಿನ್ನ ಮಾಮನೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಬರೆದೆವು. ಅವನು ಗಣಿತದಲ್ಲಿ ನಪಾಸಾದ. ಅಜ್ಜ ಅವನ ಬೆನ್ನು ಸವರಿ, "ಹಣೆಬರಹಕ್ಕೆ ಹೊಣೆ ಯಾರು? ಮತ್ತೆ ಕಟ್ಟು" ಎಂದರು. ಎರಡು ಸಲ ಕಟ್ಟಿ ಪಾಸಾದ. ನನಗೆ ಪ್ರಥಮ ದರ್ಜೆ ಬಂದಿತ್ತು. ನನ್ನ ಜಾತಕ ಹೊರಗೆ ಬಂತು. "ಇವಳಿಗೆ ವಿದ್ಯಾಯೋಗ ಇಲ್ಲಿಗೇ ಮುಗಿಯಿತು" ಎಂದರು ಜ್ಯೋತಿಷಿ. ಅವರ ಸ್ವಂತ ಮಗಳು ಮುಂದೆ ಎಂ.ಎಸ್ಸಿ. ಮಾಡಿದಳು, ಆಕೆಯ ಜಾತಕವನ್ನು ಬೇರೆ ಯಾರೋ ಬರೆದಿರಬೇಕು! ಅಣ್ಣನಿಗೆ ಹಣೆಬರಹ ಫಲಿತಾಂಶದ ಮರುದಿನ ಬಂದು ಸಮಾಧಾನ ಹೇಳಿತು. ನನಗೆ ಕಾಲೇಜಿನ ಅರ್ಜಿ ತರುವ ಮುಂಚೆಯೇ ಬಂದು ಬಾಗಿಲು ಹಾಕಿತು. ಈಗ ನೀನು ಅದನ್ನು ನೀನಾಗಿಯೇ ಮುಂಚೆ ಕರೆಯುತ್ತಿದ್ದೀಯ.

ಅಜ್ಜನನ್ನು ಬೈಯುತ್ತಿಲ್ಲ. ಕೊಯ್ಲಿಗೆ ಬಂದ ಹೆಸರು ಮಳೆಗೆ ಸಿಕ್ಕು ಹೊಲದಲ್ಲೇ ಮೊಳಕೆಯೊಡೆದಾಗ ಅವರೂ ಹಣೆ ಮುಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಆದರೆ ಹಿಂಗಾರಿಗೆ ಕೂರಿಗೆ ಹೂಡುವುದನ್ನು ಬಿಡಲಿಲ್ಲ. ಅದೇ ಹೊಲದಲ್ಲಿ ಕಡಲೆ ಬಿತ್ತಿದರು. ಹೊಲಕ್ಕಿದ್ದ ಆ ಬುದ್ಧಿ ಮಗಳ ಓದಿಗೆ ಯಾಕೆ ಬರಲಿಲ್ಲವೋ, ಇಂದಿಗೂ ನನಗೆ ಅರ್ಥವಾಗಿಲ್ಲ.

ವೀರೇಶ್ವರ ಪುಣ್ಯಾಶ್ರಮದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಪುಟ್ಟರಾಜ ಗವಾಯಿಗಳು ಎಳೆಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಪದ್ಮಭೂಷಣ ಬಂತೆಂದು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ಅವರಿಗೆ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ ಎಂಬುದು ನನಗೆ ಪದ್ಮಭೂಷಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎದುರಿಗೆ ಕುಳಿತು ಕಲಿಸುವವರೊಬ್ಬರು ಸಿಕ್ಕಿದ್ದರು. ನಿನ್ನ ಭೌತಶಾಸ್ತ್ರದ ಮೇಡಂ ಸಂಜೆ ಐದರವರೆಗೆ ಇರುತ್ತಾರೆಂದು ನೀನೇ ಹೇಳಿದ್ದೆ. ಒಂದು ದಿನವಾದರೂ ಹೋಗಿ ಕೇಳಿದೆಯಾ?

ಇನ್ನು ಲೆಕ್ಕದ ಮಾತು. ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅರ್ಧ. ಬೋರ್ಡಿನವರೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಿದ್ದಾರೆ. ನೀನು ಕಾಲೇಜಿನ ಒಂದು ಪರೀಕ್ಷೆಗೇ ಕೈಚೆಲ್ಲಿದ್ದೀಯ. ಓದಿನ ಮೇಲೆ ಮನಸ್ಸಿಲ್ಲದಿದ್ದರೆ ಹಾಗೆಂದು ಹೇಳು, ಬೇರೆ ದಾರಿ ಹುಡುಕೋಣ. ಸಟವಿಯ ಹೆಸರು ಮಾತ್ರ ಹೇಳಬೇಡ.

ಶನಿವಾರ ಅಪ್ಪ ಬರುತ್ತಾರೆ. ಕಟಕ್ ರೊಟ್ಟಿ, ಗುರೆಳ್ಳು ಚಟ್ನಿ ಕಳಿಸುತ್ತೇನೆ. ಅರ್ಜಿಯ ಹಣ ಚಟ್ನಿ ಡಬ್ಬಿಯ ಕೆಳಗಿದೆ, ಎಣ್ಣೆ ತಾಗೀತು, ಮೊದಲು ಅದನ್ನು ತೆಗೆ.

ನಿನ್ನ
ಅವ್ವ