ತಿರುಗುವ ಎರೆಯ ಬಾಲಕ್ಕೆ ಒಂದೇ ಗಾಳ ಸಾಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವವರ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎರೆಹುಳು ಮತ್ತು ಹಿಟ್ಟಿನ ಉಂಡೆಗಳ ಜಾಗದಲ್ಲಿ ಲೋಹದ ಕೃತಕ ಎರೆಗಳನ್ನು ಹಿಡಿದ ಯುವಕರು ಈಗ ಹೊಳೆಯ ದಂಡೆಯಲ್ಲೂ ಕೆರೆಯ ಏರಿಯ ಮೇಲೂ ಕಾಣಸಿಗುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಇಂಥದ್ದೊಂದು ಬರಹ ಬಂದದ್ದು ಸಂತೋಷದ ಸಂಗತಿ. ಆದರೆ ಸ್ಪಿನ್ನರ್ ಎಂದು ಕರೆಯುವ ತಿರುಗುವ ಎರೆಯ ಬಗ್ಗೆ ಅದರಲ್ಲಿದ್ದ ಎರಡು ಮಾತುಗಳನ್ನು ಹಾಗೆಯೇ ಬಿಡುವುದು ಸರಿಯಲ್ಲ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಎರೆಯ ಹೊಳಪೊಂದೇ ಮೀನನ್ನು ಸೆಳೆಯುತ್ತದೆ ಎಂಬುದು ಮೊದಲನೆಯ ಮಾತು. ಬಾಲಕ್ಕೆ ಮೂರು ಮೊನೆಗಳ ಗಾಳವಿಲ್ಲದಿದ್ದರೆ ಸ್ಪಿನ್ನರ್ ಕೆಲಸಕ್ಕೆ ಬಾರದು ಎಂಬುದು ಎರಡನೆಯದು. 30 ವರ್ಷ ಲೇತ್ ಯಂತ್ರದ ಮುಂದೆ ನಿಂತು ದುಡಿದು, ನಿವೃತ್ತಿಯ ನಂತರ ಇಂಥ ಎರೆಗಳನ್ನು ಕೈಯಾರೆ ಮಾಡುತ್ತಾ ಬಂದಿರುವ ನನಗೆ ಈ ಎರಡೂ ಮಾತುಗಳು ತಪ್ಪೆಂದು ಅನುಭವದಿಂದ ಗೊತ್ತಿದೆ.

ಸ್ಪಿನ್ನರಿನ ರಚನೆ ನೋಡಲು ಸರಳ. ಒಂದು ಗಟ್ಟಿ ಉಕ್ಕಿನ ತಂತಿ, ಅದರ ಮೇಲ್ತುದಿಯಲ್ಲಿ ದಾರ ಕಟ್ಟುವ ಉಂಗುರ, ಕೆಳತುದಿಯಲ್ಲಿ ಗಾಳ. ನಡುವೆ ತೂಕ ಕೊಡುವ ಲೋಹದ ಒಡಲು, ಅದರ ಮೇಲೆ ಒಂದು ಸಣ್ಣ ಮಣಿ, ಮಣಿಯ ಮೇಲೆ ಕುದುರೆಯ ಲಾಳದಂತೆ ಬಾಗಿದ ಪುಟ್ಟ ಕೊಂಡಿ, ಆ ಕೊಂಡಿಗೆ ಸಿಕ್ಕಿಸಿದ ತೆಳ್ಳನೆಯ ತಗಡು. ದಾರವನ್ನು ಎಳೆದಾಗ ನೀರು ಒತ್ತಿ ತಗಡು ತಂತಿಯ ಸುತ್ತ ತಿರುಗುತ್ತದೆ. ಇಷ್ಟೇ ಆದರೂ ಇದರಲ್ಲಿ ಪ್ರತಿಯೊಂದು ತುಣುಕೂ ಇನ್ನೊಂದರ ಲೆಕ್ಕ ಹಿಡಿದೇ ಇರಬೇಕು. ಪೇಟೆಯ ಒಂದು ಅಂಗಡಿಯಿಂದ ನಾನು ಮೊದಲ ಸಲ ಕೊಂಡು ತಂದ ಸ್ಪಿನ್ನರಿನಲ್ಲಿ ಮಣಿಯೇ ಇರಲಿಲ್ಲ. ಕೊಂಡಿಯು ಒಡಲಿನ ಅಂಚಿಗೆ ನೇರವಾಗಿ ಉಜ್ಜುತ್ತಿದ್ದುದರಿಂದ ತಗಡು ಮೂರು ಸುತ್ತು ಬಂದು ನಿಂತುಬಿಡುತ್ತಿತ್ತು. ಯಂತ್ರದಲ್ಲಿ ಬೇರಿಂಗ್ ಮಾಡುವ ಕೆಲಸವನ್ನು ಇಲ್ಲಿ ಆ ಒಂದು ಮಣಿ ಮಾಡುತ್ತದೆ ಎಂಬುದನ್ನು ಕಲಿತದ್ದು ಅಂದೇ.

ಇದು ಹೊಸ ಕಾಲದ ವಸ್ತುವೂ ಅಲ್ಲ. ಅಮೆರಿಕದಲ್ಲಿ ಜೂಲಿಯೊ ಬ್ಯೂಯೆಲ್ ಎಂಬಾತ ತಿರುಗುವ ಎರೆಗೆ 1852ರಲ್ಲೇ ಪೇಟೆಂಟ್ ಪಡೆದಿದ್ದ. ದೋಣಿಯಲ್ಲಿ ಕುಳಿತು ಊಟ ಮಾಡುವಾಗ ಕೈತಪ್ಪಿ ನೀರಿಗೆ ಬಿದ್ದ ಚಮಚೆಯ ಮೇಲೆ ಮೀನೊಂದು ಎರಗಿದ್ದನ್ನು ಕಂಡು ಆತನಿಗೆ ಈ ಕಲ್ಪನೆ ಹೊಳೆಯಿತೆಂಬ ಕಥೆಯನ್ನು ಗಾಳ ಹಾಕುವವರು ಇಂದಿಗೂ ಹೇಳಿಕೊಳ್ಳುತ್ತಾರೆ. ಇಂಗ್ಲೆಂಡಿನ ಡೆವನ್ ಎಂಬ ಬಗೆಯ ಎರೆಯಲ್ಲಿ ಒಡಲಿಗೇ ಎರಡು ರೆಕ್ಕೆಗಳಿದ್ದು ಇಡೀ ಎರೆಯೇ ಗಿರಗಿರನೆ ತಿರುಗುತ್ತದೆ. ಒಡಲು ನಿಂತಿದ್ದು ತಗಡು ಮಾತ್ರ ತಿರುಗುವ ಇಂದಿನ ರೂಪವನ್ನು ಲೋಕಪ್ರಿಯಗೊಳಿಸಿದವರಲ್ಲಿ ಆಂದ್ರೆ ಮ್ಯೂಲ್ನಾರ್ ಎಂಬ ಫ್ರೆಂಚ್ ಎಂಜಿನಿಯರ್ ಪ್ರಮುಖ. 1938ರಲ್ಲಿ ಆತ ಆರಂಭಿಸಿದ ಮೆಪ್ಸ್ ಸಂಸ್ಥೆಯ ಫ್ರೆಂಚ್ ಹೆಸರನ್ನು ಬಿಡಿಸಿದರೆ ‘ಹವ್ಯಾಸಿ ಮೀನುಗಾರಿಕೆಯ ನಿಖರ ಸಾಧನಗಳ ತಯಾರಿಕೆ’ ಎಂಬ ಅರ್ಥ ಬರುತ್ತದೆ. ಆ ಹೆಸರಿನಲ್ಲಿರುವ ‘ನಿಖರ’ ಎಂಬ ಪದ ನನಗೆ ಬಹಳ ಇಷ್ಟ. ಕೈಬೆರಳಿನ ಉದ್ದದ ಈ ವಸ್ತುವಿಗೆ ಅದಕ್ಕಿಂತ ತಕ್ಕ ಮಾತು ಇನ್ನೊಂದಿಲ್ಲ.

ಈಗ ಹೊಳಪಿನ ವಿಷಯಕ್ಕೆ ಬರುತ್ತೇನೆ. ತಿಳಿನೀರಿನಲ್ಲಿ, ಬಿಸಿಲಿನಲ್ಲಿ ಬೆಳ್ಳಿಯ ಬಣ್ಣದ ತಗಡು ದೂರದಿಂದ ಕಾಣುತ್ತದೆಂಬುದು ನಿಜ. ಆದರೆ ಮಳೆಗಾಲದ ಕೆಂಪು ನೀರು ಹರಿಯುವಾಗ, ಮುಂಜಾನೆಯ ಮಬ್ಬಿನಲ್ಲಿ, ಪಾಚಿ ಕಟ್ಟಿದ ಕೆರೆಯಲ್ಲಿ ಹೊಳಪು ಎಷ್ಟು ದೂರ ಸಾಗೀತು? ಅಂಥ ನೀರಿನಲ್ಲೂ ಕುಚ್ಚು ಮೀನು ಸ್ಪಿನ್ನರಿಗೆ ಎರಗುತ್ತದೆ. ಮೀನಿನ ಎರಡೂ ಪಕ್ಕೆಗಳಲ್ಲಿ ತಲೆಯಿಂದ ಬಾಲದವರೆಗೆ ಸಾಗುವ ಪಾರ್ಶ್ವರೇಖೆ ಎಂಬ ಇಂದ್ರಿಯವಿದೆ. ನೀರಿನ ಅತಿ ಸಣ್ಣ ಅಲುಗಾಟವನ್ನು, ಅದರಲ್ಲೂ ನಿಧಾನಗತಿಯ ಕಂಪನಗಳನ್ನು, ಅದು ಈ ರೇಖೆಯಲ್ಲಿರುವ ಸೂಕ್ಷ್ಮ ರೋಮಕೋಶಗಳಿಂದ ಗ್ರಹಿಸುತ್ತದೆ. ತಿರುಗುವ ತಗಡು ಪ್ರತಿ ಸುತ್ತಿಗೂ ನೀರನ್ನು ಒಮ್ಮೆ ತಟ್ಟುತ್ತದೆ. ಗಾಯಗೊಂಡು ಒದ್ದಾಡುವ ಸಣ್ಣ ಮೀನಿನ ಬಾಲವೂ ಹಾಗೆಯೇ ನೀರನ್ನು ತಟ್ಟುತ್ತಿರುತ್ತದೆ. ಬೇಟೆಗಾರ ಮೀನು ಮೊದಲು ಈ ಬಡಿತವನ್ನು ಗ್ರಹಿಸಿ, ಹತ್ತಿರ ಬಂದ ಮೇಲೆ ಕಣ್ಣಿನಿಂದ ನೋಡಿ ಎರಗುತ್ತದೆ. ಆದ್ದರಿಂದ ಸ್ಪಿನ್ನರ್ ಮಾಡುವವನು ಮೊದಲು ಯೋಚಿಸಬೇಕಾದದ್ದು ತಗಡಿನ ಆಕಾರ, ದಪ್ಪ ಮತ್ತು ಕುಳಿಯ ಆಳದ ಬಗ್ಗೆ. ಮೆರುಗು ಆಮೇಲಿನ ಮಾತು.

ತಗಡು ಅಗಲವಾಗಿ, ದುಂಡಗೆ ಇದ್ದರೆ ಅದು ತಂತಿಯಿಂದ ದೂರಕ್ಕೆ, ಸುಮಾರು 50 ಡಿಗ್ರಿ ಕೋನದಲ್ಲಿ, ಹಾಯಾಗಿ ತೆರೆದುಕೊಂಡು ನಿಧಾನವಾಗಿ ತಿರುಗುತ್ತದೆ. ಒಂದೊಂದು ಬಡಿತವೂ ಕೋಲು ಹಿಡಿದ ಅಂಗೈವರೆಗೆ ಬಂದು ಮುಟ್ಟುತ್ತದೆ. ಕೊಲರಾಡೊ ಎಂದು ಹೆಸರಾದ ಈ ಆಕಾರ ನಿಂತ ನೀರಿಗೆ, ಕದಡಿದ ನೀರಿಗೆ ತಕ್ಕುದು. ನೀರವಂಜಿಯ ಎಲೆಯಂತೆ ನೀಳವಾಗಿ, ಎರಡೂ ತುದಿಗಳಲ್ಲಿ ಚೂಪಾಗಿ ಇರುವ ತಗಡು ಸುಮಾರು 25 ಡಿಗ್ರಿಯಷ್ಟೇ ತೆರೆದುಕೊಂಡು ತಂತಿಗೆ ಅಂಟಿಕೊಂಡಂತೆ ವೇಗವಾಗಿ ಸುತ್ತುತ್ತದೆ. ನೀರಿಗೆ ಹೆಚ್ಚು ಅಡ್ಡ ನಿಲ್ಲದ ಕಾರಣ ಸೆಳವು ಇರುವಲ್ಲೂ ಮೇಲಕ್ಕೆ ತೇಲದೆ ಆಳದಲ್ಲಿ ಉಳಿಯುತ್ತದೆ. ಇವೆರಡರ ನಡುವೆ ಹನಿಯಾಕಾರದ, ಮೊಟ್ಟೆಯಾಕಾರದ ಹಲವು ಬಗೆಗಳಿವೆ. ನಾನು ಹಳೆಯ ಹಿತ್ತಾಳೆ ತಟ್ಟೆಯಿಂದ ತಗಡು ಕತ್ತರಿಸಿ, ಮರದ ದಿಮ್ಮಿಯಲ್ಲಿ ತೋಡಿದ ಕುಳಿಯ ಮೇಲಿಟ್ಟು, ದುಂಡುತಲೆಯ ಸುತ್ತಿಗೆಯಿಂದ ಬಡಿದು ಬಾಗಿಸುತ್ತೇನೆ. ಕುಳಿ ಸ್ವಲ್ಪ ಆಳವಾದರೆ ಬಡಿತ ಹೆಚ್ಚುತ್ತದೆ. ಜೊತೆಗೆ ಎಳೆತವೂ ಹೆಚ್ಚುತ್ತದೆ. ತಗಡು ದಪ್ಪವಾದರೆ ದೂರಕ್ಕೆ ಎಸೆಯಬಹುದು, ಆದರೆ ನಿಧಾನವಾಗಿ ಎಳೆದಾಗ ತಿರುಗಲು ಆರಂಭಿಸುವುದೇ ಇಲ್ಲ. ಮಾಡಿದ ಪ್ರತಿಯೊಂದನ್ನೂ ಮನೆಯ ಸಿಮೆಂಟ್ ತೊಟ್ಟಿಯಲ್ಲಿ ಎಳೆದು ನೋಡಿ, ಆಮೇಲೆ ಭದ್ರಾ ನಾಲೆಯ ಹರಿವಿನಲ್ಲಿ ಹಿಡಿದು ನೋಡುತ್ತೇನೆ. ತೊಟ್ಟಿಯಲ್ಲಿ ಚೆನ್ನಾಗಿ ತಿರುಗಿದ ತಗಡು ನಾಲೆಯಲ್ಲಿ ಸೋತದ್ದೂ ಉಂಟು.

ಒಡಲಿನ ತೂಕಕ್ಕೆ ಎಸೆತವಲ್ಲದೆ ಇನ್ನೊಂದು ಕೆಲಸವೂ ಇದೆ. ತಗಡು ಒಂದು ದಿಕ್ಕಿಗೆ ತಿರುಗುವಾಗ ತಂತಿಯನ್ನೂ ತನ್ನೊಡನೆ ತಿರುಗಿಸಲು ನೋಡುತ್ತದೆ. ಒಡಲು ಹಗುರವಾಗಿದ್ದರೆ ಇಡೀ ಎರೆಯೇ ತಿರುಗಿ, ನೈಲಾನ್ ದಾರ ಹುರಿಗೊಂಡು, ನಾಲ್ಕು ಎಸೆತಗಳಲ್ಲಿ ರೀಲಿನ ಮೇಲೆ ಗಂಟುಗಳ ರಾಶಿ ಬೀಳುತ್ತದೆ. ಇದಕ್ಕೆ ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಾನೇ ತಿರುಗುವ ಪುಟ್ಟ ಕೊಂಡಿ, ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಹಾಕಲೇಬೇಕು. ಆದರೆ ಒಡಲಿನ ತೂಕವನ್ನು ತಗಡಿನ ಅಗಲಕ್ಕೆ ಹೊಂದಿಸಿ, ಮೇಲ್ತುದಿಯ ಉಂಗುರದ ಬಳಿ ತಂತಿಯನ್ನು ತುಸು ಬಾಗಿಸಿದರೆ ಈ ತೊಂದರೆಯ ಬಹುಪಾಲು ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ವಿವರ ಹೇಳಿದ್ದು ಗಾಳದ ಮಾತಿಗಾಗಿ. ಮೀನನ್ನು ಕರೆಯುವ ಕೆಲಸವೆಲ್ಲ ತಗಡಿನದು. ಗಾಳವು ತಗಡಿನ ಹಿಂದೆ ಸುಮ್ಮನೆ ಹಿಂಬಾಲಿಸುತ್ತದೆ; ಅದಕ್ಕೆ ಒಂದು ಮೊನೆಯಿದ್ದರೂ ಮೂರು ಮೊನೆಗಳಿದ್ದರೂ ತಗಡಿನ ಬಡಿತದಲ್ಲಿ ವ್ಯತ್ಯಾಸವಾಗದು. ವ್ಯತ್ಯಾಸವಾಗುವುದು ಮೀನಿನ ದೇಹದಲ್ಲಿ. ಕೆಲವು ವರ್ಷಗಳ ಹಿಂದೆ ನನ್ನ ಸ್ಪಿನ್ನರಿಗೆ ಅಂಗೈಯಷ್ಟು ಉದ್ದದ ಬಿಳಿಮೀನಿನ ಮರಿಯೊಂದು ಸಿಕ್ಕಿತು. ಮೊದಲ ಮೊನೆ ತುಟಿಯಲ್ಲಿತ್ತು, ಎರಡನೆಯದು ಕಣ್ಣಿನೊಳಗೆ. ಮೂರನೆಯದು, ನಾನು ಬಿಡಿಸಲು ಹೋದಾಗ, ನನ್ನ ಹೆಬ್ಬೆರಳಿಗೆ ಇಳಿಯಿತು. ಅದನ್ನು ಬಿಡಿಸಿ ನೀರಿಗೆ ಬಿಡುವಷ್ಟರಲ್ಲಿ ಅದು ಮಗುಚಿ ತೇಲಿತು. ತಿನ್ನಲು ಹಿಡಿದದ್ದಲ್ಲ, ಬದುಕಿಸಿ ಬಿಡಬೇಕೆಂದು ಹಿಡಿದದ್ದು. ಆ ಮರಿಯ ಸಾವಿಗೆ ನನ್ನ ಕೈಯ ಕೆಲಸವೇ ಕಾರಣವೆಂಬ ನೋವು ಇಂದಿಗೂ ಇದೆ. ಅಂದಿನಿಂದ ನಾನು ಮೂರು ಮೊನೆಯ ಗಾಳವನ್ನು ಮುಟ್ಟಿಲ್ಲ.

ಒಂಟಿ ಗಾಳ ಹಾಕುವುದೆಂದರೆ ಹಳೆಯದನ್ನು ಬಿಚ್ಚಿ ಹೊಸದನ್ನು ಸಿಕ್ಕಿಸಿದರೆ ಮುಗಿಯಿತು ಎಂದುಕೊಳ್ಳಬಾರದು. ಹಾಗೆ ಮಾಡಿ ಮೀನು ತಪ್ಪಿಸಿಕೊಂಡಾಗ ಹಲವರು ಮತ್ತೆ ಹಳೆಯದಕ್ಕೇ ಮರಳುವುದನ್ನು ನೋಡಿದ್ದೇನೆ. ಒಂದೇ ಅಳತೆಯ ಒಂಟಿ ಗಾಳವು ಮೂರು ಮೊನೆಯದಕ್ಕಿಂತ ಹಗುರ. ಬಾಲದ ತೂಕ ಕಡಿಮೆಯಾದರೆ ಎರೆಯ ಸಮತೋಲ ಕೆಡುತ್ತದೆ. ಆದ್ದರಿಂದ ಒಂದೆರಡು ಅಳತೆ ದೊಡ್ಡದಾದ ಗಾಳ ಬೇಕು, ಅದರ ಕಣ್ಣು, ಅಂದರೆ ತಂತಿಗೆ ಸಿಕ್ಕಿಸುವ ಉಂಗುರ, ಮೊನೆಯ ದಿಕ್ಕಿಗೆ ಅಡ್ಡಲಾಗಿ ತಿರುಗಿರಬೇಕು. ಆಗ ಮಾತ್ರ ಗಾಳವು ಓರೆಯಾಗದೆ ಮೊನೆ ಮೇಲಾಗಿ ತಂತಿಯ ನೇರಕ್ಕೆ ನಿಲ್ಲುತ್ತದೆ. ಗಾಳದ ಬುಡಕ್ಕೆ ಕೆಂಪು ಉಲ್ಲನ್ನಿನ ಅಥವಾ ಮೇಕೆಯ ಕೂದಲಿನ ಒಂದು ಸಣ್ಣ ಕುಚ್ಚು ಕಟ್ಟಿದರೆ ಬಾಲ ಅತ್ತಿತ್ತ ಹೊಯ್ದಾಡುವುದಿಲ್ಲ. (ಅಮೆರಿಕದಲ್ಲಿ ಇದಕ್ಕೆ ಅಳಿಲಿನ ಬಾಲದ ಕೂದಲನ್ನು ಬಳಸುತ್ತಾರೆ, ನಮಗೆ ಅದರ ಅಗತ್ಯ ಖಂಡಿತ ಇಲ್ಲ.) ಮೊನೆಯ ಕೆಳಗೆ ಹಿಂದಕ್ಕೆ ಚಾಚಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಮುಳ್ಳಿಲ್ಲದ ಗಾಳದಲ್ಲಿ, ದಾರ ಸಡಿಲ ಬಿಟ್ಟರೆ, ಕೆಲವು ಮೀನುಗಳು ಕಳಚಿಕೊಳ್ಳುತ್ತವೆ ಎಂಬುದನ್ನು ಒಪ್ಪುತ್ತೇನೆ. ದಾರವನ್ನು ಬಿಗಿಯಾಗಿ ಹಿಡಿಯುವುದನ್ನು ಕಲಿತರೆ ಆ ನಷ್ಟ ಅಲ್ಪ. ಬಿಡಿಸುವಾಗ ಮೀನನ್ನು ನೀರಿನಿಂದ ಮೇಲೆತ್ತುವ ಅಗತ್ಯವೇ ಬಾರದು. ಮೊನೆ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ.

ಕರ್ನಾಟಕದ ಹೊಳೆಗಳಿಗೆ ಇದು ಏಕೆ ಮುಖ್ಯ ಎಂಬುದಕ್ಕೆ ಕಾವೇರಿಯನ್ನು ನೋಡಿದರೆ ಸಾಕು. ಅಲ್ಲಿನ ಡುಬ್ಬದ ಮಹಸೀರ್ ಲೋಕಪ್ರಸಿದ್ಧ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಅದೇ ಮೀನು ಇಂದು ಅಳಿವಿನ ಅಂಚಿಗೆ ಬಂದಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಲ್ಲಿ ಹಿಂದೆ ರಾಗಿ ಹಿಟ್ಟಿನ ಉಂಡೆಯನ್ನು ಒಂಟಿ ಗಾಳಕ್ಕೆ ಮೆತ್ತಿ ಮೀನು ಹಿಡಿದು, ತೂಗಿ, ಹೊಳೆಗೇ ಬಿಡುತ್ತಿದ್ದರು. ರಾಗಿ ಉಂಡೆಗೆ ಸಾಕಾದ ಒಂಟಿ ಗಾಳ ಹಿತ್ತಾಳೆಯ ತಗಡಿಗೆ ಏಕೆ ಸಾಲದು? ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮಂಡಕ್ಕಿ ಎಸೆದು ಕೈಮುಗಿಯುವ ದೇವರ ಮೀನುಗಳೂ ಇದೇ ಮಹಸೀರ್ ಬಳಗದವು. ಆ ಕ್ಷೇತ್ರಗಳಿಂದ ಕೆಳಗೆ ನಾಲ್ಕು ಮೈಲಿ ಈಜಿ ಬಂದ ಮೀನು ನಮ್ಮ ಗಾಳಕ್ಕೆ ಸಿಕ್ಕಾಗ ಅದನ್ನು ಗಾಯವಿಲ್ಲದೆ ಬಿಡುವಂತೆ ಎರೆಯನ್ನು ರೂಪಿಸುವುದು ಮಾಡುವವನ ಕರ್ತವ್ಯ.

ಕೊನೆಯದಾಗಿ ಸೀಸದ ಬಗ್ಗೆ. ಅಗ್ಗದ ಸ್ಪಿನ್ನರುಗಳ ಒಡಲು ಬಹುತೇಕ ಸೀಸದ್ದು. ಮನೆಯಲ್ಲೇ ಮಾಡಿಕೊಳ್ಳುವ ಕೆಲವರು ಅಡುಗೆಯ ಒಲೆಯ ಮೇಲೆ ಸೌಟಿನಲ್ಲಿ ಸೀಸ ಕರಗಿಸುತ್ತಾರೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಯಾರೂ ಮಾಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಂಡೆಗೆ ಸಿಕ್ಕಿ ದಾರ ತುಂಡಾದಾಗ ಆ ಸೀಸ ಹೊಳೆಯಲ್ಲೇ ಉಳಿಯುತ್ತದೆ. ಗಾಳದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲೇ ಅಂಥ ಸಣ್ಣ ಗುಂಡುಗಳ ಮಾರಾಟವನ್ನು ನಿಷೇಧಿಸಿತು. ಹಿತ್ತಾಳೆಯ ಸಾಂದ್ರತೆ ಸುಮಾರು 8.5, ಸೀಸದ್ದು 11.3, ಆದ್ದರಿಂದ ಅಷ್ಟೇ ತೂಕಕ್ಕೆ ಹಿತ್ತಾಳೆಯ ಒಡಲು ಮೂರನೆಯ ಒಂದು ಭಾಗದಷ್ಟು ದೊಡ್ಡದಾಗುತ್ತದೆ, ಅಷ್ಟೇ. ಹಿತ್ತಾಳೆಯ ಸರಳನ್ನು ಲೇತ್‌ನಲ್ಲಿ ಕಡೆದು ನಡುವೆ ತೂತು ಕೊರೆಯಲು ಯಾವ ಊರಿನ ವರ್ಕ್‌ಶಾಪಿನಲ್ಲೂ ಹತ್ತು ನಿಮಿಷ ಸಾಕು.

ಎರೆಗಳನ್ನು ಮಾರುವ ಅಂಗಡಿಯವರಲ್ಲಿ ನನ್ನ ಕೋರಿಕೆ ಎರಡು. ಒಂಟಿ ಗಾಳದ ಸ್ಪಿನ್ನರುಗಳನ್ನೂ ತರಿಸಿಡಿ. ಒಡಲು ಯಾವ ಲೋಹದ್ದು, ತೂಕ ಎಷ್ಟು ಗ್ರಾಂ ಎಂಬುದನ್ನು ಪೊಟ್ಟಣದ ಮೇಲೆ ಬರೆಸಿ. ನನ್ನ ಬಳಿ ಮೂರು ಬಗೆಯ ತಗಡುಗಳ ಅಳತೆ, ಅವುಗಳಿಗೆ ಹೊಂದುವ ಹಿತ್ತಾಳೆಯ ಒಡಲಿನ ತೂಕ ಮತ್ತು ಒಂಟಿ ಗಾಳದ ಅಳತೆಗಳನ್ನು ತೋರಿಸುವ ಕೈಬರಹದ ನಕ್ಷೆಯಿದೆ. ಅದರ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಪುರವಣಿಯಲ್ಲಿ ಸ್ಥಳವಿದ್ದರೆ ದಯವಿಟ್ಟು ಅದನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೇತ್ ಕೆಲಸಗಾರ, ಭದ್ರಾವತಿ