ಪಾರ್ಕಿನ್ಸನ್: ಗಂಡಸರಿಗೂ ಹೆಂಗಸರಿಗೂ ಒಂದೇ ಥರ ಅಲ್ಲ

ಎಲ್ಲರಿಗೂ ನಮಸ್ಕಾರ. "ನಮ್ಮ ಯಜಮಾನರಿಗೆ ನಡುಕ ಅಷ್ಟಿಲ್ಲ, ಮರೆವೇ ಜಾಸ್ತಿ, ಪಕ್ಕದ ಮನೆ ಅಕ್ಕನಿಗೆ ಬರೀ ನಡುಕ, ಯಾಕೆ?" ಅಂತ ನಿನ್ನೆ ಒಬ್ಬರು ಕೇಳಿದ್ದರಲ್ವಾ, ಅದಕ್ಕೆ ಇದು.

ಪಾರ್ಕಿನ್ಸನ್ ಕಾಯಿಲೆ ಗಂಡಸರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು. ಇನ್ನೂ ಮಾತ್ರೆ ಶುರುವಾಗದ ಹೊಸ ರೋಗಿಗಳ ಎಂಆರ್‌ಐ ನೋಡಿದಾಗ, ಮಿದುಳಿನ ಹೊರಪದರ ತೆಳುವಾಗಿರುವುದೂ ಗಂಡಸರಲ್ಲೇ ಜಾಸ್ತಿ ಕಂಡಿದೆ. ಪಾರ್ಕಿನ್ಸನ್ ಸಂಶೋಧನೆಗೆ ಹಣ ಕೊಡುವ ಮೈಕಲ್ ಜೆ. ಫಾಕ್ಸ್ ಫೌಂಡೇಶನ್ 2010ರಲ್ಲಿ ಶುರುಮಾಡಿದ, ರೋಗಿಗಳನ್ನು ವರ್ಷಗಟ್ಟಲೆ ಗಮನಿಸುವ ಪಿಪಿಎಂಐ ಅನ್ನುವ ಅಧ್ಯಯನ ಯೋಜನೆಯ ಮಾಹಿತಿಯಿಂದ ಇಂಥ ಎಷ್ಟೋ ವಿಷಯ ಗೊತ್ತಾಗಿದೆ.

ಪರೀಕ್ಷೆಯಲ್ಲೂ ಹಾಗೇ. ಡಾಕ್ಟರು ಐದು ಪದ ಹೇಳಿ, ಮಧ್ಯೆ ನೂರರಿಂದ ಏಳೇಳು ಕಳೆಯಿರಿ ಅಂತೆಲ್ಲ ಮಾಡಿಸಿ, ಆಮೇಲೆ ಆ ಐದು ಪದ ಕೇಳುತ್ತಾರಲ್ಲ, ಅಂಥ ಕಡೆ ಗಂಡಸರೇ ಜಾಸ್ತಿ ಎಡವುತ್ತಾರೆ. ನಮ್ಮ ಭಾವ ಎರಡೇ ಪದ ಹೇಳಿ ಸುಮ್ನೆ ನಕ್ಕುಬಿಟ್ಟರು. ಗೆರೆಗಳ ಕೋನ ಹೊಂದಿಸುವಂಥ ಪರೀಕ್ಷೆಯಲ್ಲಿ ಹೆಂಗಸರು ಸ್ವಲ್ಪ ಹಿಂದೆ. ಆದರೆ ಆರೋಗ್ಯವಾಗಿರುವವರಲ್ಲೂ ಈ ವ್ಯತ್ಯಾಸ ಒಂದಿಷ್ಟು ಇದ್ದೇ ಇರುತ್ತದೆ, ಎಲ್ಲವನ್ನೂ ಕಾಯಿಲೆಯ ತಲೆಗೆ ಕಟ್ಟಬೇಡಿ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಹೆಂಗಸರ ಮಿದುಳನ್ನು ಕಾಪಾಡುತ್ತದೆ ಅನ್ನುವುದು ಒಂದು ಊಹೆ, ಅಷ್ಟೇ. ಅದನ್ನು ನಂಬಿ ಯಾರೂ ಹಾರ್ಮೋನು ಮಾತ್ರೆ ನುಂಗಲು ಹೋಗಬೇಡಿ.

ಹೆಂಗಸರಿಗೆ ಇನ್ನೊಂದು ತೊಂದರೆ: ಈ ಕಾಯಿಲೆಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾದಿಂದ ಕೈಕಾಲು ತಾವಾಗಿ ಕುಣಿಯುವುದು ಅವರಲ್ಲೇ ಜಾಸ್ತಿ, ಮೈತೂಕ ಕಡಿಮೆ ಇರುವುದೂ ಒಂದು ಕಾರಣ. ಮಾತ್ರೆ ತಗೊಂಡ ಎಷ್ಟು ಹೊತ್ತಿಗೆ ಹಾಗಾಯಿತು ಅಂತ ಗುರುತು ಹಾಕಿಕೊಳ್ಳಿ, ಮುಂದಿನ ಸಲ ಡಾಕ್ಟರಿಗೆ ತೋರಿಸಿ. ನೀವಾಗಿಯೇ ಡೋಸ್ ಇಳಿಸಬೇಡಿ.